ಎಣ್ಣೆ ಪಂಚಾಯ್ತಿ

ವಿನ್ನಿಪೆಗ್‌ನ ಚಳಿಗೆ ಹಳೇ ವ್ಯಾನಿಗೆ ಯಾವ ಎಂಜಿನ್ ಆಯಿಲ್ ಹಾಕಬೇಕು? ಬಾನೆಟ್ ಎತ್ತಿದರೆ ಉತ್ತರ ಆಯಿಲ್ ಮುಚ್ಚಳದ ಮೇಲೇ ಅಚ್ಚಾಗಿರುತ್ತದೆ. ನಮ್ಮ 2006ರ ಟೊಯೋಟಾ ಸಿಯೆನ್ನಾದ ಮುಚ್ಚಳ 5ಡಬ್ಲ್ಯೂ-30 ಅನ್ನುತ್ತದೆ. ಮಾತು ಅಲ್ಲಿಗೆ ಮುಗಿಯಬೇಕು. ಮುಗಿಯುವುದಿಲ್ಲ, ಮನೆಯಲ್ಲಿ ಹಿರಿಯರಿದ್ದಾರೆ.

ನಮ್ಮ ಮಾವನವರು ದಾವಣಗೆರೆಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರಾದವರು. ಮಂಕಿ ಕ್ಯಾಪಿನ ಮೇಲೆ ಮಗನ ದಪ್ಪ ಜಾಕೆಟ್ ಏರಿಸಿಕೊಂಡು ವ್ಯಾನಿನ ಬಳಿಗೆ ಇಳಿದರು. ಡಿಪ್‌ಸ್ಟಿಕ್ ಎಳೆದು, ತುದಿಗಂಟಿದ ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿ, ಮೂಸಿ, ತೀರ್ಪು ಕೊಟ್ಟರು: “ಮೂರು ಲಕ್ಷ ಕಿಲೋಮೀಟರ್ ಓಡಿದ ಗಾಡಿ ಕಣೋ ಇದು. ಗಟ್ಟಿ ಆಯಿಲ್ಲೇ ಆಗ್ಬೇಕು. 20ಡಬ್ಲ್ಯೂ-50 ಹಾಕ್ಸು.”

ದಾವಣಗೆರೆಯಲ್ಲಿ ಇದು ತೆಗೆದುಹಾಕುವ ಮಾತಲ್ಲ. ಸವೆದ ಬೇರಿಂಗು, ಸುಡುವ ಬಿಸಿಲು, ಅಲ್ಲಿಗೆ ದಪ್ಪ ಆಯಿಲ್ ಸರಿ. ಇಲ್ಲಿ ಜನವರಿಯಲ್ಲಿ ಮೈನಸ್ 30 ಅಂದರೆ ಹಾಲು ತರಲು ಹೋಗುವ ಹವೆ. ಡಬ್ಲ್ಯೂ ಹಿಂದಿನ ಅಂಕಿ ಚಳಿಯ ಲೆಕ್ಕ, ಮುಂದಿನದು ಎಂಜಿನ್ 100 ಡಿಗ್ರಿಗೆ ಕಾದಾಗಿನ ಲೆಕ್ಕ. 20ಡಬ್ಲ್ಯೂ ಆಯಿಲಿಗೆ ಸ್ಟಾರ್ಟಿಂಗ್ ಪರೀಕ್ಷೆ ಮೈನಸ್ 15ರಲ್ಲಿ. 5ಡಬ್ಲ್ಯೂಗೆ ಮೈನಸ್ 30ರಲ್ಲಿ. 0ಡಬ್ಲ್ಯೂಗೆ ಮೈನಸ್ 35ರಲ್ಲಿ. ಚಳಿಗೆ ಬ್ಯಾಟರಿ ಮೊದಲೇ ಸೊರಗಿರುತ್ತದೆ. ಆಯಿಲೂ ಹೆಪ್ಪಾದರೆ ಕ್ರ್ಯಾಂಕ್ ತಿರುಗುವುದೇ ಕಷ್ಟ. ತಿರುಗಿದರೂ ಆಯಿಲ್ ಮೇಲೇರುವಷ್ಟು ಹೊತ್ತು ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತದೆ.

ನಮ್ಮನೆಯವರು ಅಪ್ಪನ ಎದುರು ಬಾಯಿ ಬಿಡುವವರಲ್ಲ. ಸಂಘದ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತಿನ ಕ್ಯೂನಲ್ಲಿ ನಿಂತು ಸಲಹೆ ಕೇಳಿದರು. ಒಬ್ಬರು 0ಡಬ್ಲ್ಯೂ-20 ಬಿಟ್ಟರೆ ಬೇರೆ ಮುಟ್ಟಲೇಬೇಡಿ ಎಂದರು. ಇನ್ನೊಬ್ಬರು ಆಯಿಲ್ ಯಾವುದಾದರೂ ಆಗುತ್ತೆ, ಫಿಲ್ಟರ್ ಮುಖ್ಯ ಎಂದರು. ಮತ್ತೊಬ್ಬರು, “ಎಲೆಕ್ಟ್ರಿಕ್ ತಗೊಳ್ಳಿ ಸಾರ್, ಎಂಜಿನ್ ಆಯಿಲ್ ತಲೆನೋವೇ ಇಲ್ಲ,” ಎಂದವರು, ಬ್ಯಾಟರಿ ಇಳಿಯುತ್ತಿದೆಯೆಂದು ಪಾಯಸಕ್ಕೂ ಕಾಯದೆ ಹೊರಟರು.

ಕೊನೆಗೆ ಪಂಚಾಯ್ತಿ ಮುಗಿಸಿದ್ದು ನಮ್ಮತ್ತೆ. ಬಚ್ಚಲಿನಿಂದ ಕೊಬ್ಬರಿ ಎಣ್ಣೆ ಬಾಟಲಿ ತಂದು ಮಾವನ ಮುಂದೆ ಬೋರಲು ಹಿಡಿದರು. ಒಂದು ತೊಟ್ಟೂ ಬೀಳಲಿಲ್ಲ. “ಹೀಟರ್ ಹಾಕಿದ ಮನೇಲೇ ಇದರ ಗತಿ ಹಿಂಗೆ. ಹೊರಗೆ ನಿಂತ ಗಾಡಿಗೆ ನಿಮ್ಮ ಗಟ್ಟಿ ಎಣ್ಣೆ ಯಾರು ಕುಡಿಸ್ತಾರೆ?”

ಮಾವ ಕನ್ನಡಕ ಒರೆಸಿಕೊಂಡರು. ನಾನು ಅಂಗಡಿಗೆ ಹೋಗಿ ಫುಲ್ ಸಿಂಥೆಟಿಕ್ 5ಡಬ್ಲ್ಯೂ-30 ತಂದೆ. ಮಾಮೂಲಿ ಆಯಿಲಿನಲ್ಲಿರುವ ಮೇಣ ಚಳಿಗೆ ಹರಳುಗಟ್ಟುತ್ತದೆ. ಸಿಂಥೆಟಿಕ್‌ಗೆ ಆ ಕಾಟ ಕಡಿಮೆ. ವ್ಯಾನ್ ನಿಲ್ಲುವ ಕಡೆ ಹಿಮದ ಮೇಲೆ ಕಾಸಗಲದ ಕರಿ ಚುಕ್ಕೆ ಬೀಳುತ್ತಿತ್ತು, ಅದಕ್ಕೇ ‘ಹೈ ಮೈಲೇಜ್’ ಎಂದು ಬರೆದ ಡಬ್ಬವನ್ನೇ ಆರಿಸಿದೆ. ಒಣಗಿದ ರಬ್ಬರ್ ಸೀಲುಗಳನ್ನು ಮೆದುಮಾಡುವ ಮದ್ದು ಅದರಲ್ಲಿರುತ್ತದೆ.

ಉಳಿದದ್ದು ಬ್ಲಾಕ್ ಹೀಟರ್. ಈ ಊರಿನ ಕಾರುಗಳ ಮೂತಿಯಿಂದ ನೇತಾಡುವ ವಯರ್ ಅದರದ್ದೇ; ಎಂಜಿನ್ನಿನ ಕೂಲೆಂಟನ್ನು ಬೆಚ್ಚಗಿಡುತ್ತದೆ. ಹೊರಡುವ ಮೊದಲು ಮೂರ್ನಾಲ್ಕು ಗಂಟೆ ಚುಚ್ಚಿದರೆ ಸಾಕು. ಮಾವ ಮಲಗುವಾಗಲೇ ಚುಚ್ಚುವುದು, ಕರೆಂಟ್ ಬಿಲ್ ನೆನೆದು ನಡುರಾತ್ರಿ ಎದ್ದು ಕೀಳುವುದು ನಡೆಯಿತು. ಟೈಮರ್ ತಂದ ಮೇಲೆ ಮನೆಮಂದಿಗೆಲ್ಲ ನಿದ್ದೆ.

ಮೈನಸ್ 33ರ ಬೆಳಗ್ಗೆ ವ್ಯಾನ್ ಕೀ ತಿರುಗಿಸಿದೊಡನೆ ಎದ್ದಿತು. ಮಾವ ಆಗಲೇ ಫೋನಿನಲ್ಲಿ ದಾವಣಗೆರೆಯ ತಮ್ಮನಿಗೆ ಪಾಠ ಶುರುಮಾಡಿದ್ದರು: “ನಿನ್ನ ಅಂಬಾಸಿಡರ್‌ಗೂ 5ಡಬ್ಲ್ಯೂ-30 ಸಿಂಥೆಟಿಕ್ಕೇ ಹಾಕ್ಸೋ. ನಾನೇ ಇಲ್ಲಿ ಆರಿಸಿ ಹಾಕ್ಸಿದೀನಿ.”

“ಮಾವ, ಅಲ್ಲಿ ಇನ್ನೆರಡು ತಿಂಗಳಿಗೆ ಬೇಸಿಗೆ!” ಎಂದೆ, ಗಾಬರಿಯಾಗಿ.

ಮಾವ ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು: “ಹೆದರ್ಬೇಡಮ್ಮ. ನಾನು ಹೇಳಿದ್ದನ್ನ ಅವನು ಯಾವತ್ತು ಕೇಳಿದಾನೆ?”