ಶೆಟ್ಟರ ಫಿಯೆಟ್ಟೂ ಮೊಬೈಲಿನ ಏಲಮ್ಮೂ

ಕುರ್ಲಾದಲ್ಲಿ ಹುಟ್ಟಿದ ಕಾರಿನ ಸಾಮಾನನ್ನು ಚೆಂಬೂರಿನಲ್ಲಿ ಕೂತು ದಿಲ್ಲಿಯಿಂದ ತರಿಸಿಕೊಳ್ಳುವವರಿಗೆ ಏನನ್ನಬೇಕು? ನಾವು ಶೆಟ್ಟರು ಅನ್ನುತ್ತೇವೆ. ಪಕ್ಕದ ಸೊಸೈಟಿಯವರು. ಅವರಿಗೂ ನಮಗೂ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆ. ಆಚೆ ಅವರ 1974ರ ಪದ್ಮಿನಿ, ಈಚೆ ನನ್ನ ಹೂಕುಂಡಗಳು. ನಾನು ನೀರಿನ ಬಾಲ್ದಿ ಹಿಡಿದು ಬರುವ ಹೊತ್ತಿಗೇ ಅವರಿಗೂ ಕಾರಿನ ಕವರ್ ತೆಗೆದು ಒರೆಸುವ ನೆನಪಾಗುತ್ತದೆ. ಆಮೇಲೆ ಕುಂಡಕ್ಕೂ ನೀರಿಲ್ಲ, ಕಾರಿಗೂ ಬಟ್ಟೆಯಿಲ್ಲ.

"ಮಾಸ್ಟ್ರೆ, ಇದೊಂದು ನೋಡಿ" ಎಂದು ಮೊಬೈಲು ಗೋಡೆ ದಾಟಿ ಈಚೆ ಬರುತ್ತದೆ. ನಾನು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಕಾರ್ಬೊರೇಟರಿಗೂ ನನಗೂ ಯಾವ ನಂಟೂ ಇಲ್ಲ. ಆದರೆ ಆನ್‌ಲೈನ್ ಹರಾಜಿನಲ್ಲಿ ಮೆಕ್ಯಾನಿಕ್‌ಗಿಂತ ಮಾಸ್ತರರೇ ಉಪಯೋಗಕ್ಕೆ ಬರುವುದು ಎಂಬುದು ಶೆಟ್ಟರ ಸಿದ್ಧಾಂತ. "ಅವ ಬರೆದದ್ದು ನನಗೂ ಓದ್ಲಿಕ್ಕೆ ಬರ್ತದೆ ಮಾರಾಯ್ರೆ. ಬರೆಯದೆ ಬಿಟ್ಟದ್ದು ಎಂಥ, ಅದನ್ನು ಹೇಳಿ. ಉತ್ತರ ಪತ್ರಿಕೆ ತಿದ್ದಿದ ಕಣ್ಣಲ್ವಾ ನಿಮ್ಮದು?"

ಈಗಿನ ಹುಡುಗರಿಗೆ ಪದ್ಮಿನಿ ಅಂದರೆ ಹಳೇ ಹಿಂದಿ ಸಿನಿಮಾದ ಟ್ಯಾಕ್ಸಿ, ಅಷ್ಟೆ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕಾರ್ಖಾನೆ ಇದ್ದದ್ದು ಇಲ್ಲೇ ಕುರ್ಲಾದಲ್ಲಿ, ನಮ್ಮ ಚೆಂಬೂರಿನಿಂದ ಹಾರ್ಬರ್ ಲೈನಿನಲ್ಲಿ ಎರಡನೇ ಸ್ಟೇಷನ್ನು. 1954ರಿಂದ ಫಿಯೆಟ್ 1100, 1964ರಲ್ಲಿ ಡಿಲೈಟ್, ನಂತರ ಪ್ರೆಸಿಡೆಂಟ್, 1974ರಿಂದ ಪದ್ಮಿನಿ. ಹೆಸರು ಬದಲಾಯಿತೇ ಹೊರತು ಬೊನೆಟ್ಟಿನೊಳಗೆ ಅದೇ 1089 ಸಿಸಿ ಎಂಜಿನ್ನು, ಸ್ಟೀರಿಂಗ್ ಪಕ್ಕದಲ್ಲೇ ಗೇರಿನ ಕೋಲು. ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಕೋಹಿನೂರ್ ಸಿಟಿಯ ಕಟ್ಟಡಗಳಿವೆ. ಪ್ರೀಮಿಯರ್ ರೋಡ್ ಎಂಬ ಹೆಸರು ಮಾತ್ರ ಅಳಿದಿಲ್ಲ. ಶೆಟ್ಟರ ಸೋದರಮಾವ ಕೋಟೆ ಕಡೆ ಕ್ಯಾಂಟೀನು ನಡೆಸುತ್ತಿದ್ದವರು. ಅವರು ಹಣ ಕಟ್ಟಿದಾಗ ಮಗಳು ಬಾಲವಾಡಿಯಲ್ಲಿದ್ದಳಂತೆ, ಕಾರು ಬಂದಾಗ ಲಂಗ ದಾವಣಿಗೆ ಬಂದಿದ್ದಳಂತೆ. ಅಂಥ ಕಾಲ. ಕಾರಿಗೆ ಕಾಯುವುದೂ ಒಂದು ಪ್ರತಿಷ್ಠೆ.

ಆ ಕಾರು ಅಳಿಯನ ಪಾಲಿಗೆ ಬಂತು (ಅಳಿಯಕಟ್ಟು ಹೊಲಗದ್ದೆಗೆ ಮಾತ್ರವೇ ಏನು?). ಸಿಕ್ಕಿದ ಬಲ್ಬು, ಸಿಕ್ಕಿದ ಕನ್ನಡಿ, ರಿಕ್ಷಾದ ಹಾರ್ನು, ಎಲ್ಲ ಹಾಕಿಕೊಂಡು ಅದು ಓಡಿತು. ತೊಂದರೆ ಶುರುವಾದದ್ದು 2024ರಲ್ಲಿ, ಕಾರಿಗೆ ಐವತ್ತು ತುಂಬಿದಾಗ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಒಂದು ನಿಯಮ ತಂದಿದೆ: ಮೊದಲ ನೋಂದಣಿಯಿಂದ ಐವತ್ತು ವರ್ಷ ಕಳೆದ, ಮೂಲರೂಪ ಕೆಡದ ವಾಹನಕ್ಕೆ ವಿಂಟೇಜ್ ಪಟ್ಟ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ಹೊಸ ನಂಬರಾದರೆ ಅದರಲ್ಲಿ 'ವಿಎ' ಎಂಬ ಎರಡಕ್ಷರ. ಮೂಲರೂಪ ಎಂಬ ಮಾತು ಕಿವಿಗೆ ಬಿದ್ದದ್ದೇ ಶೆಟ್ಟರಿಗೆ ಮಡಿ ಹತ್ತಿತು. ರಿಕ್ಷಾದ ಹಾರ್ನು ಹೊರಗೆ ಹೋಯಿತು, ಕನ್ನಡಿ ಹೋಯಿತು, ಒಂದೊಂದಕ್ಕೂ 'ಆ ಕಾಲದ್ದೇ' ಬೇಕಾಯಿತು. ವಿಂಟೇಜ್ ಆದ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲು, ಇಷ್ಟಕ್ಕೇ ಅಪ್ಪಣೆ. ಇದು ತಿಳಿದ ದಿನ ಶೆಟ್ಟರ ಮನೆಯವರು ಕಿಟಕಿಯಿಂದಲೇ ಕೇಳಿದರು, "ಇಷ್ಟು ಖರ್ಚು ಮಾಡುದು ನಿಲ್ಲಿಸಿಡ್ಲಿಕ್ಕಾ?" ಶೆಟ್ಟರು ಕೇಳಿಸದವರಂತೆ ಟಯರು ಒತ್ತಿ ನೋಡಿದರು.

ಹೀಗೆ ಶುರುವಾದದ್ದು ಹರಾಜಿನ ಹುಚ್ಚು. ನಾನೂ ಅವರ ಜೊತೆ ಸೇರಿ ಇಂಥ ಜಾಹೀರಾತುಗಳನ್ನು ಸಾಕಷ್ಟು ಓದಿದ್ದೇನೆ. ಒಂದು ಮಾತು ಒಪ್ಪಬೇಕು: ಬರೆಯುವವರು ಸುಳ್ಳು ಹೇಳುವುದಿಲ್ಲ. ಅಷ್ಟು ದಡ್ಡರಲ್ಲ. 'ಫಿಯೆಟ್ 1100ರ ಬಾಗಿಲಿನ ಹಿಂಜು, ಒರಿಜಿನಲ್' ಎಂದು ಬರೆದಿರುತ್ತದೆ. ಫಿಯೆಟ್ 1100ರದ್ದು ಹೌದು. ಒರಿಜಿನಲ್ ಕೂಡ ಹೌದು. ಯಾವ ವರ್ಷದ್ದು ಅಂತ ಇಲ್ಲ. ಮೊದಮೊದಲ 1100ರಲ್ಲಿ ಮುಂದಿನ ಬಾಗಿಲಿನ ಹಿಂಜು ಇದ್ದದ್ದು ಹಿಂಬದಿಗೆ, ಬಾಗಿಲು ತೆರೆಯುತ್ತಿದ್ದದ್ದು ಮುಂಬದಿಯಿಂದ. ಡಿಲೈಟಿನ ಹೊತ್ತಿಗೆ ಅದು ತಿರುಗುಮುರುಗಾಗಿ ಈಗಿನ ಕಾರುಗಳ ಹಾಗಾಯಿತು. ಹೆಸರು ಒಂದೇ, ಹಿಂಜು ಕೂರುವ ಜಾಗವೇ ಬೇರೆ. ತರಿಸಿಕೊಂಡವನು ಜಗಳಕ್ಕೆ ಹೋದರೆ 'ನಾನು 1100 ಅಂತಲೇ ಹಾಕಿದ್ದೆನಲ್ಲ ಸ್ವಾಮಿ' ಎಂಬ ಉತ್ತರ ಸಿದ್ಧವಿರುತ್ತದೆ.

ಇಟಲಿಯಿಂದ ಬರುವ ಸಾಮಾನಿನದು ಇನ್ನೊಂದು ಕತೆ. ಫಿಯೆಟ್ಟಿನ ತೌರುಮನೆಯಲ್ಲವೇ, ಅಲ್ಲಿನ ಮಾಲು ಅಪ್ಪಟವೇ. ಆದರೆ ಅಲ್ಲಿ ಡ್ರೈವರು ಕೂರುವುದು ಎಡಕ್ಕೆ. ಡ್ಯಾಶ್‌ಬೋರ್ಡಿನಲ್ಲಿ ಮೀಟರಿನ ತೂತು ಎಡಕ್ಕೆ, ಗೇರಿನ ಕಡ್ಡಿಗಳ ಜೋಡಣೆ ಎಡಕ್ಕೆ. ಫೋಟೋದಲ್ಲಿ ಅಂಗೈಯಗಲದ ಒಂದು ತುಂಡು ಕಂಡರೆ ಯಾವ ಕೈಯ ಗಾಡಿಯದೆಂದು ಹೇಗೆ ಗೊತ್ತಾಗಬೇಕು? ಬೆಲೆಯ ಮೇಲೆ ಹಡಗಿನ ಖರ್ಚು, ಅದರ ಮೇಲೆ ಕಸ್ಟಮ್ಸ್ ಸುಂಕ. ವಾಪಸ್ ಕಳಿಸಿದರೆ ಮಾಲಿನ ಹಣ ಬರಬಹುದು, ಸುಂಕಕ್ಕೆ ಅಳುವುದೇ.

ಫೋಟೋಗಳದ್ದೇ ಒಂದು ಶಾಸ್ತ್ರ. ಗುಲಾಬಿ ಹೂವಿನ ಬೆಡ್‌ಶೀಟಿನ ಮೇಲೆ ಒಂದು ಬಾಗಿಲ ಹಿಡಿ, ಟ್ಯೂಬ್‌ಲೈಟಿನ ಹೊಳಪು ಸರಿಯಾಗಿ ತುಕ್ಕು ಇರಬೇಕಾದ ಜಾಗದ ಮೇಲೆಯೇ. ನಾಲ್ಕು ಚಿತ್ರ ಇರುತ್ತವೆ, ನಾಲ್ಕೂ ಒಂದೇ ಮಗ್ಗುಲಿನವು. ಶೆಟ್ಟರು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ಬೋಲ್ಟಿನ ತೂತಿನ ಹತ್ತಿರ ನಿಲ್ಲಿಸುತ್ತಾರೆ. "ಇಲ್ಲಿ ನೋಡಿ. ಎನ್‌ಒಎಸ್ ಅಂತೆ." ಅಂದರೆ ಆ ಕಾಲದಲ್ಲೇ ತಯಾರಾಗಿ, ಒಮ್ಮೆಯೂ ಗಾಡಿಗೆ ಕೂರದೆ, ಡಬ್ಬಿಯಲ್ಲೇ ಉಳಿದ ಮಾಲು. ಇದಕ್ಕೆ ಬೆಲೆ ಎಷ್ಟೋ ಪಾಲು ಜಾಸ್ತಿ. ಶೆಟ್ಟರು ತೋರಿಸಿದ ಕಡೆ ತೂತಿನ ಸುತ್ತ ಎಂಟಾಣೆ ಅಗಲದ ತೆಳ್ಳಗಿನ ವರ್ತುಲ. "ವಾಷರ್ ಕೂತ ಗುರುತು. ಗಾಡಿಗೇ ಕೂರದ ಸಾಮಾನಿಗೆ ವಾಷರ್ ಎಲ್ಲಿಂದ ಬಂತು? ಡಬ್ಬಿ ಹೊಸತಾಗಿ ಪ್ರಿಂಟ್ ಮಾಡ್ಸಿದ್ದಾರೆ, ವಾಷರಿನ ಗುರುತು ಉಜ್ಜಲಿಕ್ಕೆ ಉದಾಸೀನ." ಕ್ರೋಮಿನದೂ ಅಷ್ಟೇ. ಗುಳಿಬಿದ್ದ ಕಬ್ಬಿಣದ ಮೇಲೆ ಹೊಸ ಕ್ರೋಮು ಕೊಟ್ಟರೆ ಗುಳಿ ತುಂಬುವುದಿಲ್ಲ, ಗುಳಿಯೂ ಸೇರಿ ಹೊಳೆಯುತ್ತದೆ. ಅದಕ್ಕೇ ಫೋಟೋ ದೂರದಿಂದ.

"ಮಲ್ಪೆಯಲ್ಲಿ ಏಲಂ ಆಗುವಾಗ ಕಿವಿರು ಎತ್ತಿ ನೋಡದೆ ಒಬ್ಬನಾದ್ರೂ ಬಂಗುಡೆಗೆ ರೇಟು ಕೂಗ್ತಾನಾ?" ಎಂದರು ಶೆಟ್ಟರು. "ಇಲ್ಲಿ ಕಿವಿರೂ ಅವನೇ ಎತ್ತುದು, ಫೋಟೋನೂ ಅವನೇ ತೆಗೆಯುದು." ನಾನು ಮೀನು ತಿನ್ನದವನು, ಆದರೂ ಒಪ್ಪಿದೆ.

ಹಾಗೆ ನೋಡಿದರೆ ಈ ವ್ಯಾಪಾರದ ಮೊದಲ ಜಾಹೀರಾತು ಬಹಳ ಪ್ರಾಮಾಣಿಕವಾದದ್ದು. 1995ರಲ್ಲಿ ಈಗಿನ ಇಬೇ ತಾಣ ಶುರುವಾದಾಗ ಅದನ್ನು ಕಟ್ಟಿದ ಪಿಯರ್ ಒಮಿಡ್ಯಾರ್ ತನ್ನದೇ ಒಂದು ಕೆಟ್ಟುಹೋದ ಲೇಸರ್ ಪಾಯಿಂಟರನ್ನು, ಕೆಟ್ಟಿದೆ ಅಂತಲೇ ಬರೆದು ಹರಾಜಿಗಿಟ್ಟನಂತೆ. 14.83 ಡಾಲರಿಗೆ ಹೋಯಿತು. ಕೆಟ್ಟಿದೆಯೆಂದು ಗೊತ್ತಲ್ಲ ಎಂದು ವಿಚಾರಿಸಿದರೆ, ಕೊಂಡವನು ಕೆಟ್ಟ ಪಾಯಿಂಟರುಗಳನ್ನೇ ಸಂಗ್ರಹಿಸುವವನಂತೆ! ನಮ್ಮಲ್ಲಿ ಬಾಝಿ ಡಾಟ್ ಕಾಮ್ ಎಂಬುದಿತ್ತು. 2004ರಲ್ಲಿ ಇಬೇ ಅದನ್ನು ಕೊಂಡಿತು, 2018ರಲ್ಲಿ ಇಬೇ ಇಂಡಿಯಾವೇ ಬಾಗಿಲು ಹಾಕಿತು. ಈಗ ಹಳೇ ಕಾರಿನವರ ಹರಾಜೆಂದರೆ ಒಂದೋ ಪರದೇಶದ ತಾಣ, ಇಲ್ಲವೇ ಮೊಬೈಲಿನ ಗುಂಪುಗಳಲ್ಲಿ 'ರಾತ್ರಿ ಹತ್ತಕ್ಕೆ ಕ್ಲೋಸ್' ಎಂದು ಹಾಕಿ ಒಬ್ಬರ ಮೇಲೊಬ್ಬರು ರೇಟು ಬರೆಯುವ ಪದ್ಧತಿ.

ಆ ಹತ್ತು ಗಂಟೆಯ ಹತ್ತಿರ ಶೆಟ್ಟರ ಮನೆಯಲ್ಲಿ ಊಟಕ್ಕೆ ಕರೆದರೂ ಯಾರೂ ಓ ಅನ್ನುವುದಿಲ್ಲ. ಅವರು ಐನೂರು ಏರಿಸುತ್ತಾರೆ, ಯಾವನೋ ಇನ್ನೈನೂರು ಏರಿಸುತ್ತಾನೆ. ಅವನ ಹಿಂದಿನ ಚರಿತ್ರೆ ಕೆದಕಿದರೆ ಈ ಒಬ್ಬ ಮಾರಾಟಗಾರನ ಮಾಲಿಗೆ ಬಿಟ್ಟು ಬೇರೆಲ್ಲೂ ಕೂಗಿದವನಲ್ಲ, ಎಲ್ಲೂ ಗೆದ್ದವನೂ ಅಲ್ಲ. ಅಪ್ಪಿತಪ್ಪಿ ಗೆದ್ದರೆ ಮಾರನೇ ದಿನ ಶೆಟ್ಟರಿಗೆ ಮೆಸೇಜು: 'ಮೊದಲಿನವರು ಹಿಂದೆ ಸರಿದರು ಸರ್, ನಿಮ್ಮ ರೇಟಿಗೇ ಕೊಡ್ತೇನೆ.' ಇದು ಹೊಸ ಉಪಾಯ ಅಂದುಕೊಂಡಿದ್ದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನಲ್ಲೇ ಇದೆ: ಬೆಲೆ ಏರಿಸಲು ಮಾರುವವನು ಹುಸಿ ಕೂಗು ಹಾಕಿಸಿದರೆ ಕೊಂಡವನು ಆ ವ್ಯಾಪಾರವನ್ನೇ ರದ್ದುಪಡಿಸಬಹುದು. ಬ್ರಿಟಿಷರ ಕಾಲದ ಹರಾಜು ಕಟ್ಟೆಯಲ್ಲೂ ಇದೇ ಆಟ ನಡೆದಿರಬೇಕು. ರುಜುವಾತು ಮಾಡುವುದು ಹೇಗೆ ಎಂದು ಮಾತ್ರ ಶೆಟ್ಟರು ಕೇಳಬಾರದು.

2020ರ ಇ-ಕಾಮರ್ಸ್ ನಿಯಮಗಳಲ್ಲೂ ಒಳ್ಳೆಯ ಮಾತಿದೆ. ವರ್ಣನೆಗೆ ತಕ್ಕಂತಿಲ್ಲದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವ ಹಾಗಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ಆದರೆ ವ್ಯಾಪಾರವಾಗಿ ಅಲ್ಲದೆ, ಖಾಸಗಿಯಾಗಿ ತನ್ನ ಮನೆಯ ವಸ್ತು ಮಾರುವವನಿಗೆ ಈ ನಿಯಮ ತಗಲುವುದಿಲ್ಲ. ಈ ಸಂದಿಯಲ್ಲೇ ಅಜ್ಜ ಪ್ರವೇಶಿಸುವುದು. 'ತೀರಿಕೊಂಡ ಅಜ್ಜನ ಗ್ಯಾರೇಜು ಖಾಲಿ ಮಾಡುತ್ತಿದ್ದೇವೆ, ನಮಗೆ ಕಾರಿನ ಬಗ್ಗೆ ಗೊತ್ತಿಲ್ಲ, ಇದ್ದದ್ದು ಇದ್ದ ಹಾಗೆ.' ಗೊತ್ತಿಲ್ಲ ಅಂದಮೇಲೆ ಕೇಳುವ ಹಾಗಿಲ್ಲ. ತೀರಿಕೊಂಡಿದ್ದಾರೆ ಅಂದಮೇಲೆ ಚೌಕಾಸಿಗೆ ನಾಲಿಗೆ ಏಳುವುದಿಲ್ಲ. ಅದೇ ಮನುಷ್ಯನ ಬೇರೆ ಜಾಹೀರಾತು ತೆರೆದರೆ ಅಲ್ಲೊಬ್ಬ ಅಜ್ಜ ಅಂಬಾಸಿಡರ್ ಬಿಟ್ಟುಹೋಗಿರುತ್ತಾನೆ, ಇನ್ನೊಂದರಲ್ಲಿ ಮತ್ತೊಬ್ಬ ಅಜ್ಜ ಲ್ಯಾಂಬ್ರೆಟಾ. "ಇವನ ಅಜ್ಜಿಯ ಗತಿ ಎಂಥದು ಮಾಸ್ಟ್ರೆ?" ಎಂದು ಶೆಟ್ಟರು ನಿಜವಾದ ಕಳವಳದಿಂದ ಕೇಳಿದರು.

(ಹಣ ಪಡೆಯಲು ಪಿನ್ ಒತ್ತಿ ಎನ್ನುವವರು, ಸೈನ್ಯದಲ್ಲಿದ್ದೇನೆ ವರ್ಗವಾಗಿದೆ ಎನ್ನುವವರು, ಇವರದು ಬೇರೆ ಜಾತಿ. ಅವರ ಬಳಿ ಮಾಲೇ ಇರುವುದಿಲ್ಲ. ಅದಕ್ಕೆ ಸೈಬರ್ ವಂಚನೆಯ ಸಹಾಯವಾಣಿ 1930 ಇದೆ.)

ಕುರ್ಲಾಕ್ಕೇ ಹೋಗಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಶೆಟ್ಟರು ಹೋಗದೇ ಇಲ್ಲ. ಸಿಎಸ್‌ಟಿ ರೋಡಿನ ಭಂಗಾರ್ (ಅಂದರೆ ಗುಜರಿ) ಅಂಗಡಿಗಳಲ್ಲಿ ಅವರನ್ನು ಹೆಸರು ಹಿಡಿದು ಕರೆದು ಚಹಾ ಕೊಡುತ್ತಾರೆ. ಅಲ್ಲಿಯೂ ಸತ್ಯಹರಿಶ್ಚಂದ್ರರಿಲ್ಲ. "ಆದ್ರೆ ಕುರ್ಲಾದವ ಸುಳ್ಳು ಹೇಳುದು ಕಿವಿಗೆ. ಸಾಮಾನು ನನ್ನ ಕೈಯಲ್ಲಿ ಇರ್ತದೆ. ತೂಕ ನೋಡ್ತೇನೆ, ಉಗುರಿನಲ್ಲಿ ಕೆರೀತೇನೆ." ತಾಪತ್ರಯ ಏನೆಂದರೆ ಅಲ್ಲಿ ಪದ್ಮಿನಿಯ ಮಾಲೇ ಬತ್ತಿದೆ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗೆ ಇಪ್ಪತ್ತೇ ವರ್ಷದ ಆಯುಷ್ಯ, ಹಾಗಾಗಿ 2023ರ ಅಕ್ಟೋಬರ್ ಮುಗಿಯುವುದರೊಳಗೆ ಅದೂ ರಸ್ತೆ ಬಿಟ್ಟಿತು. ಅದಕ್ಕೆ ಮುಂಚೆ ಟ್ಯಾಕ್ಸಿಗಳು ಸಾಲುಸಾಲಾಗಿ ಭಂಗಾರಕ್ಕೆ ಬಿದ್ದಾಗ ಮಾಲು ಕಿಲೋ ಲೆಕ್ಕದಲ್ಲಿ ಹೋಯಿತು, ಹೊರಗಿನವರು ಬಂದು ಗೋಣಿಯಲ್ಲಿ ತುಂಬಿಕೊಂಡು ಹೋದರು ಎಂದು ಅಂಗಡಿಯವನೇ ಹೇಳಿದನಂತೆ. ಈಗ ಅದೇ ಗೋಣಿ ಬಿಚ್ಚಿ ಒಂದೊಂದೇ ತುಂಡಿಗೆ 'ಅತ್ಯಪರೂಪ' ಎಂದು ಹಣೆಪಟ್ಟಿ.

ಮೊನ್ನೆ ದಿಲ್ಲಿಯಿಂದ ಪಾರ್ಸೆಲು ಬಂತು. ಮುಂದಿನ ಗಾಜಿನ ಸುತ್ತ ಕೂರುವ ಬೀಡಿಂಗು. ಜಾಹೀರಾತಿನಲ್ಲಿ ಇದ್ದದ್ದು: 'ಅಜ್ಜನ ಖಾಸಗಿ ಕಾರಿನದು, ಒಬ್ಬರೇ ಮಾಲೀಕರು, ಭಾನುವಾರ ಮಾತ್ರ ಹೊರಗೆ ತೆಗೆಯುತ್ತಿದ್ದರು.' ಶೆಟ್ಟರು ಅದನ್ನು ಗೋಡೆಯ ಮೇಲೆ ಉದ್ದಕ್ಕೆ ಹರಡಿ, ಕನ್ನಡಕ ಹಣೆಗೇರಿಸಿ, ಒಳ ಅಂಚನ್ನು ಹೆಬ್ಬೆರಳಿನಿಂದ ಮಗುಚುತ್ತ ಹೋದರು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದು ಕಡೆ ಉಜ್ಜಿದರು. ಕೆಳಗಿನ ಅಂಚಿನ ಸಂದಿಯಲ್ಲಿ ಕಪ್ಪು ಬಣ್ಣ. ಸರಿ, ಕಪ್ಪು ಕಾರು ಇರಬಹುದು. ಮೇಲಿನ ಅಂಚಿಗೆ ಬಂದರು. ಅಲ್ಲಿ ಹಳದಿ.

ಮೈ ಕಪ್ಪು, ತಲೆ ಹಳದಿ. ಮುಂಬಯಿಯಲ್ಲಿ ಒಂದು ವಾರ ಇದ್ದವನಿಗೂ ಅದು ಯಾವ ಗಾಡಿಯೆಂದು ಹೇಳಬೇಕಿಲ್ಲ. ಕುರ್ಲಾದಲ್ಲಿ ತಯಾರಾಗಿ, ದಾದರು ವಿಟಿ ಎಂದು ಇಪ್ಪತ್ತು ವರ್ಷ ಸುತ್ತಿ, ಕುರ್ಲಾದಲ್ಲೇ ಭಂಗಾರಾಗಿ, ದಿಲ್ಲಿಗೆ ಹೋಗಿ ಖಾಸಗಿ ಕಾರಾಗಿ ವಾಪಸ್ ಬಂದಿದೆ. "ಕಳಿಸಿಬಿಡಿ ವಾಪಸ್" ಎಂದೆ. ಶೆಟ್ಟರು ಉತ್ತರ ಕೊಡದೆ ಅದನ್ನೆತ್ತಿ ಗಾಜಿನ ಅಂಚಿಗೆ ಹಿಡಿದು ನೋಡಿದರು. ಮೂಲೆಗೆ ಮೂಲೆ ಸರಿಯಾಗಿ ಕೂತಿತು. "ಫಿಟ್ಟಿಂಗ್ ನೋಡಿ ಮಾರಾಯ್ರೆ! ಇಟಲಿಯದ್ದೂ ಹೀಗೆ ಕೂತಿರ್ಲಿಲ್ಲ."

ಸಂಜೆ ಮಾರಾಟಗಾರನಿಂದ ಮೆಸೇಜು, ದಯವಿಟ್ಟು ಐದು ಸ್ಟಾರ್ ಕೊಡಿ ಎಂದು. ಏನು ಬರೆಯುವುದೆಂದು ನನ್ನನ್ನೇ ಕೇಳಿದರು. ನಾನು ನಿಯಮ, ಕಲಮು ಎಲ್ಲ ಸೇರಿಸಿ ಖಾರವಾಗಿ ಒಂದು ಒಕ್ಕಣೆ ಹೇಳಿದೆ. ಅವರು ತಲೆಯಾಡಿಸಿ, ನಾಲ್ಕು ಸ್ಟಾರ್ ಒತ್ತಿ, ತಾವೇ ಬರೆದರು: 'ಮಾಲು ಚೆನ್ನಾಗಿದೆ. ಅಜ್ಜ ಟ್ಯಾಕ್ಸಿ ಓಡಿಸುತ್ತಿದ್ದರು ಅಂತ ಮೊದಲೇ ಹೇಳಿದ್ದರೆ ಐದು ಕೊಡುತ್ತಿದ್ದೆ.'