ಬ್ರೇಕ್ ಶಿಫ್ಟಿನ ವರ

ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಬಸ್ಸುಗಳಿಗೆ ಮುಗಿಬೀಳುವವರ ನಡುವೆ ಅವನನ್ನು ಗುರುತಿಸುವುದು ಕಷ್ಟವಲ್ಲ. ಕರಿ ಪ್ಯಾಂಟು, ಕರಿ ಬೂಟು, ನುಣ್ಣನೆಯ ಕೆನ್ನೆ. ಊರ ಹುಡುಗರೆಲ್ಲ ಗಡ್ಡ ಬಿಟ್ಟು ಸಿನಿಮಾ ಹೀರೋಗಳಾಗಿರುವ ಈ ಕಾಲದಲ್ಲಿ ದಿನಾ ದಾಡಿ ಮಾಡಿಕೊಳ್ಳುವವರು ಇಬ್ಬರೇ: ಪೊಲೀಸ್ ಟ್ರೇನಿಂಗಿನಲ್ಲಿರುವವನು, ಇಲ್ಲವೇ ಹೋಟೆಲಿನಲ್ಲಿರುವವನು. ಪೊಲೀಸನಾಗಿದ್ದರೆ ಸೀಟಿಗೆ ಜಗಳ ತೆಗೆಯುತ್ತಿದ್ದ. ಇವನು ಎದ್ದು ನಿಂತು, ಅಂಗೈ ಚಾಚಿ, ಸ್ವಲ್ಪ ಬಾಗಿ, ‘ಈ ಕಡಿ ಬರ್ರಿ ಆಯಿ’ ಎನ್ನುತ್ತಾನೆ. ಇಷ್ಟು ಮರ್ಯಾದೆ ಕಂಡರಿಯದ ಆಯಿ ಗಾಬರಿಯಾಗಿ ಕೈಯ ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ.

ಮೂರೂ ತಾಲೂಕಿನಲ್ಲಿ ಈ ತಳಿ ಬೆಳೆಯುತ್ತದೆ, ಮಣ್ಣಿನ ಗುಣ ಮಾತ್ರ ಬೇರೆ. ಆಳಂದದವನಿಗೆ ಒಂದು ಕಡೆ ಉಮರ್ಗಾ, ಇನ್ನೊಂದು ಕಡೆ ಅಕ್ಕಲಕೋಟ. ಮರಾಠಿ ಬೀದಿಯಲ್ಲೇ ಬಂದದ್ದು. ಹಾಗಾಗಿ ಅವನಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ, ನಕಾಶೆಯಲ್ಲೂ ಮನಸ್ಸಿನಲ್ಲೂ. ಅಫಜಲಪುರದವನು ದೇವಲ ಗಾಣಗಾಪುರದ ದತ್ತನ ಕೃಪೆ. ಹುಣ್ಣಿಮೆಗೆ, ದತ್ತ ಜಯಂತಿಗೆ ಮಹಾರಾಷ್ಟ್ರದಿಂದ ಬಂದಿಳಿಯುವ ಭಕ್ತರಿಗೆ ‘ರೂಮಿಲ್ಲ’ ಎಂಬುದನ್ನು ರೂಮು ಕೊಟ್ಟಷ್ಟೇ ಪ್ರೀತಿಯಿಂದ ಹೇಳುವ ಕಲೆ ಅವನಿಗೆ ಮೀಸೆಗಿಂತ ಮೊದಲೇ ಬಂದಿರುತ್ತದೆ. ಫ್ರಂಟ್ ಆಫೀಸ್ ಎಂದು ಕಾಲೇಜಿನಲ್ಲಿ ಕಲಿಸುವುದರಲ್ಲಿ ಇದಕ್ಕಿಂತ ದೊಡ್ಡದೇನೂ ಇದ್ದಂತಿಲ್ಲ. ಜೇವರ್ಗಿಯವನ ಗುರುಕುಲ ವಿಜಯಪುರ ರಸ್ತೆಯ ಧಾಬಾ. ನಡುರಾತ್ರಿ ಲಾರಿ ಡ್ರೈವರನ ಸಿಟ್ಟನ್ನು ದಾಲ್ ತಡ್ಕಾದಿಂದ ಇಳಿಸಿದವನು ಮುಂದೆ ಯಾವ ಫೈವ್ ಸ್ಟಾರ್ ಗಿರಾಕಿಗೂ ಬಗ್ಗುವವನಲ್ಲ.

ಪಿಯುಸಿ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಬೆಂಗಳೂರಿನ ಸರಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಮೂರು ವರ್ಷ ಕೂತವರು ಇವರಲ್ಲಿ ಅಪರೂಪ. ಹೆಚ್ಚಿನವರು ಅಪ್ಪ ತೊಗರಿ ಮಾರಿದ ದುಡ್ಡಿನಲ್ಲಿ ಡಿಪ್ಲೊಮಾ ಮಾಡಿದವರು, ಅಥವಾ 2014ರಲ್ಲಿ ಶುರುವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಂಥ ಪುಕ್ಕಟೆ ತರಬೇತಿಗೆ ಹೋದವರು. ಪುಕ್ಕಟೆ ಊಟ, ವಸತಿ, ಟೈ ಕಟ್ಟುವುದು, ನಗುವುದು. ನಗುವುದನ್ನು ಕಲಿಯಲು ಸರಕಾರ ದುಡ್ಡು ಕೊಡುತ್ತದೆ ಎಂದು ಕೇಳಿ ಊರ ಕಟ್ಟೆಯ ಮೇಲಿನ ಮುತ್ಯಾಗಳು ಅದಕ್ಕೇ ಮೂರು ದಿನ ನಕ್ಕರು.

ರಜೆಗೆ ಬಂದ ಮೊದಲ ದಿನ ಮನೆಯಲ್ಲಿ ಅವನದೇ ರಾಜ್ಯಭಾರ. ಟವೆಲ್ಲನ್ನು ಮಡಚಿ ಹಂಸ ಮಾಡಿ ಮಂಚದ ಮೇಲೆ ಕೂರಿಸುತ್ತಾನೆ. ಅಪ್ಪ ಅದರ ಕುತ್ತಿಗೆ ಹಿಡಿದು ಎಳೆದು ಮೈ ಒರೆಸಿಕೊಳ್ಳುತ್ತಾನೆ. ಪುಂಡಿಪಲ್ಯದ ನೆತ್ತಿಯಲ್ಲಿ ಒಂದು ಕೊತ್ತಂಬರಿ ಎಲೆ ನೆಟ್ಟು, ತಟ್ಟೆಯ ಅಂಚಿಗೆ ಶೇಂಗಾ ಹಿಂಡಿಯನ್ನು ಚಿಟಿಕೆಯಿಂದ ಉದುರಿಸುತ್ತಾನೆ. ‘ಇದು ಉಣ್ಣಾಕೋ, ನೋಡಾಕೋ?’ ಎನ್ನುತ್ತಾಳೆ ಅವ್ವ. ಎರಡನೆಯ ದಿನ ಮಲಗುತ್ತಾನೆ. ಮೂರನೆಯ ದಿನವೂ ಮಲಗುತ್ತಾನೆ. ಅವ್ವ ಎರಡು ಸಲ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಾಳೆ.

ಹೋಟೆಲಿನ ಈಗಿನ ಹುಡುಗರಿಗೆ ಏನು ಬೇಕು ಎಂದು ಮಾಲಕರು ಸಭೆ ಸೇರಿ ತಲೆ ಕೆಡಿಸಿಕೊಳ್ಳುತ್ತಾರಲ್ಲ, ಆ ಮಂಚದ ಹತ್ತಿರ ಒಂದು ತಾಸು ಕೂತರೆ ಸಾಕು. ಬ್ರೇಕ್ ಶಿಫ್ಟ್ ಎಂಬುದನ್ನು ಕಂಡುಹಿಡಿದವನು ಯಾರೋ ಗೊತ್ತಿಲ್ಲ. ಅವನಿಗೆ ಮಲಗುವ ಅಭ್ಯಾಸ ಇರಲಿಲ್ಲ ಎಂಬುದಂತೂ ಖರೆ. ಬೆಳಿಗ್ಗೆ ಹತ್ತರಿಂದ ಮೂರು, ಮತ್ತೆ ಸಂಜೆ ಏಳರಿಂದ ಕಡೆಯ ಗಿರಾಕಿ ಏಳುವವರೆಗೆ. ನಡುವಿನ ನಾಲ್ಕು ತಾಸು ಹೆಸರಿಗೆ ಅವನದು. ರೂಮು ಮಾತ್ರ ಊರಾಚೆ, ಹೋಗಿಬರುವುದರಲ್ಲೇ ಆ ನಾಲ್ಕು ತಾಸು ಮುಗಿಯುತ್ತದೆ. ಹಾಗಾಗಿ ಲಾಕರ್ ರೂಮಿನಲ್ಲಿ ಬೂಟಿನ ಮೇಲೆ ತಲೆಯಿಟ್ಟು ಮಲಗುತ್ತಾನೆ. ಇನ್ನೂರು ಮಂದಿಯನ್ನು ಕುರ್ಚಿ ಎಳೆದು ಕೂರಿಸಿದವನು ತನ್ನ ಊಟವನ್ನು ನಿಂತೇ ಮುಗಿಸುತ್ತಾನೆ. ಜಗತ್ತಿಗೆ ರವಿವಾರ ಬಂದರೆ ಇವನಿಗೆ ಡಬಲ್ ಡ್ಯೂಟಿ. ಊರಲ್ಲಿ ಜಾತ್ರೆಯ ತೇರು ಎಳೆಯುವ ಹೊತ್ತಿಗೆ ಇವನು ಯಾರದೋ ಮದುವೆಯ ಬಫೆಯಲ್ಲಿ ಜಿಲೇಬಿ ಎಣಿಸುತ್ತಿರುತ್ತಾನೆ.

ಒಮ್ಮೆ ಯಾರೋ ಇವನಿಗೆ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ವಿಷಯ ಹೇಳಿದರು. ದಿನಕ್ಕೆ 9 ತಾಸು, ವಾರಕ್ಕೆ 48, ವಾರಕ್ಕೊಂದು ಸುಟ್ಟಿ, ಹೋಟೆಲಿಗೂ ಅನ್ವಯ. ಯಾವಾಗ ಬಂತು ಇದು ಎಂದು ಕೇಳಿದ. 1961 ಅಂದರು. ಹುಡುಗ ಬಹಳ ಹೊತ್ತು ಸುಮ್ಮನಿದ್ದು, ‘ನಮ್ಮ ಹೋಟೆಲಿಗೆ ಪೋಸ್ಟ್ ಇನ್ನೂ ಮುಟ್ಟಿಲ್ಲ ಕಾಣಸ್ತದ’ ಎಂದ.

ಮಾಲಕರಿಗೂ ಅವರದೇ ಕತೆಯಿದೆ. ಅದನ್ನು ಪ್ರತಿ ರಾಜೀನಾಮೆಯ ಹೊತ್ತಿಗೂ ಹೇಳುತ್ತಾರೆ: ‘ನಾನು ಕಪ್ ತೊಳೆದು, ಟೇಬಲ್ ಕೆಳಗೆ ಮಲಗಿ ಮೇಲೆ ಬಂದವನು.’ ಸುಳ್ಳೇನಲ್ಲ. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರೂ ಊರು ಬಿಟ್ಟು ಬರಿಗೈಯಲ್ಲಿ ಬಂದ ಹುಡುಗನೇ. ಕ್ಲೀನರ್, ಸಪ್ಲಾಯರ್, ಗಲ್ಲಾ, ಕಡೆಗೆ ಸ್ವಂತದ್ದೊಂದು ಬೋರ್ಡು. ಏಣಿ ಸಣ್ಣದು, ಮೇಲಿನ ಮೆಟ್ಟಿಲು ಕೆಳಗಿನಿಂದಲೇ ಕಾಣುತ್ತಿತ್ತು. ನಮ್ಮ ಹುಡುಗ ಇದನ್ನು ಕೇಳಿ ಹೇಳಿದ್ದಿಷ್ಟು: ‘ನೀವು ತೊಳದ್ರಿ, ಖರೆ ಅದ ಸರ್. ಆದ್ರ ನೀವು ತೊಳದ ಕಪ್ಪು ಕಡೀಕ ನಿಮ್ಮದೇ ಆತು. ನಾ ತೊಳೀಲತ್ತಿದ್ದು ಶೇರು ಮಾರ್ಕೆಟ್ಟಿನಾಗ ಅದರಿ.’

ಅವನ ಏಣಿಗೆ ಮೆಟ್ಟಿಲು ಬಹಳ. ಅಡುಗೆಮನೆ ಸೇರಿದರೆ, ಟ್ರೇನಿ ಮುಗಿದ ಮೇಲೆ ಕಮಿ-ತ್ರೀ ಎಂಬ ಕಿರಿಯ ಅಡುಗೆಯವನ ಹುದ್ದೆ, ಆಮೇಲೆ ಟೂ, ಒನ್, ಅದರಾಚೆ ಡೆಮಿ, ಸೂ, ಎಲ್ಲೋ ಮೋಡದಲ್ಲಿ ಎಕ್ಸಿಕ್ಯೂಟಿವ್ ಶೆಫ್. ಊರಿಗೆ ಬಂದಾಗಲೆಲ್ಲ ಅಪ್ಪ ಕೇಳುತ್ತಾನೆ, ‘ಏನಪಾ, ಇನ್ನಾ ಕಮ್ಮಿನೇ ಏನು?’ ಹಾಗಾಗಿಯೇ ಅವನು ನಾಲ್ಕು ತಿಂಗಳಿಗೊಮ್ಮೆ ಹೋಟೆಲು ಬದಲಿಸುತ್ತಾನೆ. ಪಗಾರ ಎರಡು ಸಾವಿರ ಹೆಚ್ಚಾಗುತ್ತದೆ ಎಂಬುದು ನೆಪ; ಎದೆಯ ಮೇಲಿನ ಪಟ್ಟಿಯಲ್ಲಿ ಒಂದು ಅಕ್ಷರ ಬದಲಾಗುತ್ತದೆ ಎಂಬುದು ಕಾರಣ. ಅದೂ ಆಗದಿದ್ದರೆ ಹಡಗು. ಹೋಟೆಲ್ ಹುಡುಗರೆಲ್ಲರ ವೈಕುಂಠ ಅದು. ಭೀಮಾ ನದಿ ಬಿಟ್ಟರೆ ಬೇರೆ ನೀರು ಕಾಣದವನು ಕ್ರೂಸಿನ ಮಾತಾಡುವಾಗ ಮಿಯಾಮಿ ಅಕ್ಕಲಕೋಟದ ಪಕ್ಕದಲ್ಲೇ ಇದ್ದಂತೆ ಕೇಳುತ್ತದೆ.

ಅಪ್ಪನ ತರ್ಕ ಬೇರೆ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಪ್ರತಿ ಅಪ್ಪನ ಜೇಬಿನಲ್ಲೂ ಒಂದು ಸರಕಾರಿ ನೌಕರಿಯ ಕನಸು ಮಡಚಿಕೊಂಡು ಕೂತಿದೆ. ‘ನಮಗ ಮೀಸಲಾತಿ ಅದ. ಫಾರಂ ತುಂಬೋದು ಬಿಟ್ಟು ಮಂದಿ ಎಂಜಲ ಎತ್ಲಾಕ ಹೊಂಟಿ.’ ಹುಡುಗ ಫಾರಂ ತುಂಬುತ್ತಾನೆ, ಅಪ್ಪನ ಸಮಾಧಾನಕ್ಕೆ. ಪರೀಕ್ಷೆಯೂ ರವಿವಾರವೇ ಇರುತ್ತದೆ, ಡ್ಯೂಟಿಯೂ.

ನಿಜವಾದ ಇಂಟರ್‌ವ್ಯೂ ನಡೆಯುವುದು ಹೆಣ್ಣಿನವರ ಪಡಸಾಲೆಯಲ್ಲಿ. ಹೊಲ ಎಷ್ಟದ, ನೀರಾವರಿ ಅದ ಏನು, ಹುಡುಗ ಏನು ಮಾಡ್ತಾನ. ‘ಹೋಟೆಲ್‌ದಾಗ’ ಎಂದ ಕೂಡಲೇ ಪಡಸಾಲೆ ತಣ್ಣಗಾಗುತ್ತದೆ. ‘ಭಜಿ ಕರೀತಾನ?’ ‘ಇಲ್ರಿ, ಇಸ್ತ್ರಿ ಅರಿವಿ ಹಾಕ್ಕೊಂಡು ನಿಂತಿರ್ತಾನ’ ಎಂದು ಅವ್ವ ಘನತೆ ಕಾಪಾಡಲು ನೋಡುತ್ತಾಳೆ. ‘ಬರೇ ನಿಲ್ಲಾಕ ಪಗಾರ ಕೊಡ್ತಾರ?’ ಎಂದು ಅಲ್ಲಿಂದ ಇನ್ನೊಂದು ಸಂಶಯ ಏಳುತ್ತದೆ. ಬೆಂಗಳೂರಿನ ಜನರಲ್ ಮ್ಯಾನೇಜರಿಗೆ ಉತ್ತರ ಹೇಳಿದವನು ಇಲ್ಲಿ ಬೆವರುತ್ತಾನೆ.

ಕಳೆದ ಸಲ ಹೆಣ್ಣಿನವರೇ ಮನೆ ನೋಡಲು ಬಂದಿದ್ದರು. ಅವ್ವ ಚಹಾ ಸೋಸುವಷ್ಟರಲ್ಲಿ ಹುಡುಗನ ಕೈ ಸುಮ್ಮನಿರಲಿಲ್ಲ. ತಾನೇ ಟ್ರೇ ಹಿಡಿದ, ಬಲಗಡೆಯಿಂದ ಬಂದ, ಕಪ್ಪಿನ ಹಿಡಿಯನ್ನು ಪ್ರತಿಯೊಬ್ಬರ ಕೈಗೆ ಸರಿಯಾಗಿ ತಿರುಗಿಸಿಟ್ಟ, ಒಂದು ಹನಿ ಚೆಲ್ಲಲಿಲ್ಲ. ಹುಡುಗಿಯ ಮುತ್ಯಾ ಕೊನೆಯ ಗುಟುಕು ಎಳೆದು, ಧೋತರದ ಗಂಟು ಬಿಚ್ಚಿ, ಇಪ್ಪತ್ತರ ನೋಟು ತೆಗೆದು ಬಸಿಯ ಕೆಳಗಿಟ್ಟರು. ಹುಡುಗ ಸೊಂಟದಲ್ಲಿ ಬಾಗಿ, ‘ಥ್ಯಾಂಕ್ಯೂ ಸರ್, ಮತ್ತ ಬರ್ರಿ’ ಎಂದ.

ಮತ್ತೆ ಬರುತ್ತೇವೆ ಎಂದು ಹೋಗಿದ್ದಾರೆ. ಬಸ್ಸಿನಲ್ಲಿ ಹುಡುಗಿ ತಡೆಯಲಾರದೆ ನಕ್ಕಳಂತೆ.