ಅರವತ್ತು ಕುದುರೆ, ಎರಡೆತ್ತು

ನಿಮಗೂ ಹೀಗಾಗಿರಬೇಕು. ಇದ್ದದ್ದು ಇದ್ದ ಹಾಗೆ ಚೆಂದವಾಗಿಯೇ ಇರುತ್ತದೆ. ಯಾರೋ ಬಂದು ಒಂದು ಮಾತು ಆಡಿ ಹೋಗುತ್ತಾರೆ, ಅಲ್ಲಿಗೆ ನಿದ್ದೆ ಮುಗಿಯಿತು. ನನ್ನ ನಿದ್ದೆ ಕೆಡಿಸಿದವನು ದೀಪಾವಳಿಗೆಂದು ಬೆಂಗಳೂರಿನಿಂದ ಸಂತೆಕಲ್ಲೂರಿಗೆ ಬಂದಿದ್ದ ಅಣ್ಣನ ಮಗ. ಅಂಗಳದಲ್ಲಿದ್ದ ನನ್ನ ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ, "ಕಾಕಾ, ಗಾಡಿ ಭಾರಿ ಐತಿ. ಆದ್ರ ಧೋತರ ಎತ್ತಿ ಹಳ್ಳ ದಾಟಾಕ ನಿಂತವರಂಗ ಕಾಣ್ತೈತಿ ನೋಡ್ರಿ" ಅಂದ.

ಕಾರಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಸ್ಯಾನ್ ಸ್ಟಾರ್ಮ್. ಬೆಂಗಳೂರಿನ ಸ್ಯಾನ್ ಮೋಟಾರ್ಸ್‌ನವರು 1990ರ ದಶಕದ ಕೊನೆಯಲ್ಲಿ ತಂದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಫೈಬರ್ ಮೈ, ರೆನೊ ಕಂಪನಿಯ 1.2 ಲೀಟರ್ ಎಂಜಿನ್, 60 ಕುದುರೆಗಳ ಬಲ, ತೆಗೆದಿಡಬಹುದಾದ ಟಾಪು. ಹರೆಯದಲ್ಲಿ ಕಂಡ ಕನಸನ್ನು ಐವತ್ತು ದಾಟಿದ ಮೇಲೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದೆ. ರಾಯಚೂರು ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ಟಾಪು ತೆಗೆದು ಮಸ್ಕಿಯಿಂದ ಊರಿಗೆ ಬಂದ ದಿನ ನನ್ನ ಬೋಳು ನೆತ್ತಿಯ ಮೇಲೆ ಹಪ್ಪಳ ಸುಡಬಹುದಿತ್ತು. ಅದರಿಂದಲೇ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಅಣ್ಣನ ಮಗನ ಮಾತು ಕೇಳಿದ ಮೇಲೆ ನನಗೆ ಕಾರು ಕಾಣುವುದೇ ನಿಂತುಹೋಯಿತು. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಮಾತ್ರ ಕಾಣುತ್ತಿತ್ತು. ಊಟಕ್ಕೆ ಕೂತರೆ ರೊಟ್ಟಿಗೂ ಪಲ್ಲೆಗೂ ನಡುವೆ ಅದೇ ಸಂದು. ಹುಡುಗ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಾಡಿಯ ಭಾರ ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ಅದು ವಾಲುವುದು ಕಡಿಮೆ, ಹಿಡಿತ ಹೆಚ್ಚು. ಫಾರ್ಮುಲಾ ಒನ್ ಕಾರುಗಳು ಎಷ್ಟು ತಗ್ಗೆಂದರೆ, 1994ರಿಂದ ಅವುಗಳ ಹೊಟ್ಟೆಯ ಕೆಳಗೆ 10 ಮಿ.ಮೀ. ದಪ್ಪದ ಹಲಗೆ ಕಟ್ಟುವ ನಿಯಮ ತಂದಿದ್ದಾರೆ. ಒಂದು ಮಿ.ಮೀ.ಗಿಂತ ಹೆಚ್ಚು ಹಲಗೆ ಸವೆಯಿತೋ, ಆಟದಿಂದ ಹೊರಗೆ. ಇದೆಲ್ಲ ಕೇಳಿ ನನಗೆ ರೋಮಾಂಚನ. ಆದರೆ ಸಂತೆಕಲ್ಲೂರಿನ ಸುತ್ತ ಎರೆಹೊಲದ ನಡುವೆ ಗೆರೆ ಎಳೆದಂಥ ರಸ್ತೆಗಳಲ್ಲಿ ತಿರುವು ಎಲ್ಲಿವೆ ಎಂಬ ಸಣ್ಣ ಪ್ರಶ್ನೆ ಮಾತ್ರ ತಲೆಗೆ ಹೊಳೆಯಲೇ ಇಲ್ಲ.

ಹಾಗಂತ ನಾನು ದುಡುಕಿದೆ ಅಂದುಕೊಳ್ಳಬೇಡಿ. ಹಳೇ ಕ್ಯಾಲೆಂಡರಿನ ಹಿಂಬದಿಗೆ ನಡುವೆ ಗೆರೆ ಹಾಕಿ, ಎಡಕ್ಕೆ 'ಇಳಿಸು', ಬಲಕ್ಕೆ 'ಬೇಡ' ಎಂದು ಬರೆದೆ. ಮನೆಯವಳನ್ನೂ ಕೇಳಿದೆ. "ಈಗs ಅದರಾಗಿಂದ ಏಳಬೇಕಂದ್ರ ಮೊಣಕಾಲು ಕೇಳಂಗಿಲ್ಲ. ಇನ್ನೂ ಇಳಿಸಿದ್ರ ನನಗ ಹಗ್ಗ ಹಾಕಿ ಸೇದಬೇಕಾಗ್ತೈತಿ" ಅಂದಳು. ಅದನ್ನು 'ಇಳಿಸು' ಪಟ್ಟಿಯಲ್ಲೇ 'ವ್ಯಾಯಾಮ' ಎಂದು ಬರೆದುಕೊಂಡೆ. ಒಂದು ವಾರದ ನಂತರ ನೋಡಿದರೆ ಬಲಗಡೆ ಹನ್ನೊಂದು ಕಾರಣ, ಎಡಗಡೆ ಎರಡು. ಎಡಗಡೆಯವನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದರಿಂದ ಅದೇ ಗೆದ್ದಿತು.

ಆದರೂ ಒಮ್ಮೆ ಪರೀಕ್ಷೆ ಮಾಡಿ ನೋಡೋಣ ಅನ್ನಿಸಿತು. ಭಾರ ಹಾಕಿದರೆ ಕಾರು ತಾನೇ ಇಳಿಯುತ್ತದಲ್ಲ! ಸಿಂಧನೂರಿನಿಂದ ತಂದಿದ್ದ ಸೋನಾ ಮಸೂರಿ ಅಕ್ಕಿಯ ನಾಲ್ಕು ಚೀಲ ಹಿಂದೆ ಹೇರಿ, ಕತ್ತಲಾದ ಮೇಲೆ ಕಾರು ತೆಗೆದೆ. ಹಿಂಭಾಗ ಇಳಿಯಿತು. ಹಿಂಭಾಗ ಇಳಿದರೆ ಮುಂಭಾಗ ಏಳುತ್ತದೆ ಎಂಬುದು ಲೈಟು ಹಾಕಿದಾಗ ಗೊತ್ತಾಯಿತು. ಬೆಳಕು ರಸ್ತೆಗೆ ಬೀಳುವ ಬದಲು ಓಣಿಯ ಬೇವಿನ ಮರಗಳಿಗೆ ಬಿತ್ತು. ಬೆಳಗಾಯಿತೆಂದು ಕಾಗೆಗಳು ಎದ್ದವು. ಕಾಗೆ ಕೂಗಿಗೆ ನಾಯಿ, ನಾಯಿ ಬೊಗಳಿಗೆ ಮಂದಿ. ರಾತ್ರಿ ಒಂಬತ್ತಕ್ಕೆ ಇಡೀ ಓಣಿಯನ್ನು ಎಬ್ಬಿಸಿ, ನಡುವೆ ನಾನು, ಅಕ್ಕಿ ಚೀಲ ಹೊತ್ತ ಸ್ಪೋರ್ಟ್ಸ್ ಕಾರಿನೊಳಗೆ. "ಪಡಿತರ ಅಂಗಡಿ ಗಾಡಿ ಬಂತೇನ್ರಿ?" ಎಂದು ಕತ್ತಲಿನಿಂದ ಯಾರೋ ಕೇಳಿದರು. ನಾನು ಹೂಂ ಅಂದುಬಿಟ್ಟೆ.

ಮೆಕ್ಯಾನಿಕ್ ಹುಡುಗ ಪಾಪ, ಬಿಡಿಸಿ ಹೇಳಿದ. "ಸರ್, ಸ್ಪ್ರಿಂಗ್ ಕೊಯ್ದ್ರ ಗಾಡಿ ಇಳಿತೈತಿ ಖರೆ. ಆದ್ರ ಸುತ್ತು ಕಮ್ಮಿ ಆದಂಗ ಸ್ಪ್ರಿಂಗ್ ಬಿರುಸ ಆಗ್ತೈತಿ. ಶಾಕಪ್ ತಡಿಯಂಗಿಲ್ಲ, ಟೈರ್ ಒಳಮಗ್ಗಲ ಸವೀತಾವು. ಮತ್ತ ಒಮ್ಮೆ ಕೊಯ್ದದ್ದು ತಿರುಗಿ ಬೆಳೆಯಾಕ ಅದೇನು ಕೂದಲ ಅಲ್ರೀ." ನಾನು ನೆತ್ತಿ ಸವರಿಕೊಂಡೆ. ನನ್ನ ಅನುಭವದಲ್ಲಿ ಕೂದಲೂ ತಿರುಗಿ ಬೆಳೆದಿರಲಿಲ್ಲವಾದ್ದರಿಂದ ಅವನ ಮಾತು ನಂಬಲಿಲ್ಲ. "ಕೊಯ್ಯಪಾ" ಅಂದೆ. ಒಂದೊಂದು ಸ್ಪ್ರಿಂಗಿನಿಂದ ಒಂದೂವರೆ ಸುತ್ತು ಕೊಯ್ದ. ನಾಲ್ಕು ತುಂಡು ಕೈಗೆ ಕೊಟ್ಟು, "ಇಟ್ಕೊಳ್ರಿ ಸರ್, ನೆನಪಿಗೆ" ಅಂದ.

ಎಷ್ಟು ಇಳಿಯಿತು ಎಂದು ಹೇಳಿದ್ದು ಪಕ್ಕದ ಮನೆಯ ಕೋಳಿ. ದಿನಾ ಮಧ್ಯಾಹ್ನ ಮರಿಗಳನ್ನು ಕರೆದುಕೊಂಡು ಕಾರಿನ ನೆರಳಿಗೆ ಬರುತ್ತಿತ್ತು. ಮೊದಲು ತಲೆ ಎತ್ತಿಕೊಂಡೇ ಒಳಗೆ ಹೋಗುತ್ತಿದ್ದ ಆ ಜವಾರಿ ಹೇಂಟೆ, ಅಂದು ಬಂಪರಿಗೆ ಹಣೆ ಬಡಿಸಿಕೊಂಡು ನಿಂತಿತು. ಒಂದು ಕಣ್ಣಿನಿಂದ ಕಾರು ನೋಡಿತು, ಕತ್ತು ಹೊರಳಿಸಿ ಇನ್ನೊಂದು ಕಣ್ಣಿನಿಂದ ನನ್ನನ್ನು ನೋಡಿತು. ಮರಿಗಳು ಒಳಗೆ, ತಾಯಿ ಹೊರಗೆ. ಆ ಸಂಸಾರ ಒಡೆದ ಪಾಪ ನನ್ನ ಲೆಕ್ಕಕ್ಕೆ ಬಂತು.

ಇನ್ನು ಹಂಪುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದ ಪ್ರಕಾರ ದುಂಡನೆಯ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಮಕ್ಕಳು ಆಡುವ ಓಣಿಯಲ್ಲಿ ಊರವರು ಮುತುವರ್ಜಿಯಿಂದ ಒಂದು ಬುಟ್ಟಿ ಹೆಚ್ಚಿಗೆ ಹಾಕಿದರೆ ತಪ್ಪೆನ್ನಲಾದೀತೇ? ತಪ್ಪು ಹೊಟ್ಟೆ ನೆಲಕ್ಕೆ ಇಳಿಸಿಕೊಂಡವನದು. ಹಂಪು ಬಂದಾಗ ಮನೆಯವಳು ಇಳಿಯಬೇಕು, ನಾನು ಕಾರನ್ನು ಓರೆ ಮಾಡಿ ಏಡಿಯಂತೆ ಹತ್ತಿಸಬೇಕು, ಕೆಳಗಿನಿಂದ 'ಕರ್‍ರ್' ಎಂಬ ಸದ್ದಿಗೆ ಇಬ್ಬರೂ ಕಣ್ಣು ಮುಚ್ಚಬೇಕು. ಹದಿನೇಳು ಹಂಪು ಎಣಿಸಿದೆ. ಹತ್ತನೆಯದರ ನಂತರ ಅವಳು ಹತ್ತುವುದನ್ನೇ ಬಿಟ್ಟು ನಡೆಯತೊಡಗಿದಳು. ನಾನು ಮನೆ ಮುಟ್ಟುವಷ್ಟರಲ್ಲಿ ಮೆಂತ್ಯ ಪಲ್ಲೆ ಕೊಂಡು, ಸೋಸಿ, ಒಗ್ಗರಣೆ ಹಾಕಿದ್ದಳು.

ಮಸ್ಕಿಯ ಬಂಡೆಗಲ್ಲಿನ ಮೇಲೆ ಅಶೋಕನ ಹೆಸರಿರುವ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ನಿಮಗೆ ಗೊತ್ತಿದೆ. ಅದನ್ನು ಕಂಡವರು ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್. ನೂರು ವರ್ಷ ಕಳೆದ ಮೇಲೆ ಅದೇ ಮಸ್ಕಿಯಿಂದ ನಮ್ಮೂರವರೆಗೆ ನನ್ನ ಕಾರಿನ ಚೇಂಬರ್ ರಸ್ತೆಯ ಮೇಲೆ ಇನ್ನೊಂದು ಶಾಸನ ಕೆತ್ತುತ್ತ ಬಂತು. ಫಾರ್ಮುಲಾ ಒನ್‌ನವರು ಹಲಗೆ ಸವೆಸಿದರೆ ನಾನು ನೇರ ಎಂಜಿನ್ನೇ ಸವೆಸಿದೆ. ಬಿರುಸಾದ ಸ್ಪ್ರಿಂಗುಗಳು ಒಳಗೆ ಕೂತವನ ಮೇಲೂ ಕೆಲಸ ಮಾಡುತ್ತಿದ್ದವು. ಒಂದು ತಗ್ಗಿಗೆ ಕನ್ನಡಕ ಮೂಗಿನಿಂದ ಬಾಯಿಗೆ ಇಳಿಯಿತು, ಮುಂದಿನ ತಗ್ಗಿಗೆ ಮತ್ತೆ ಮೂಗಿಗೆ ಏರಿತು. ಬೆಳಿಗ್ಗೆ ಮಸ್ಕಿಯಲ್ಲಿ ತಿಂದ ಒಗ್ಗರಣೆ ಮತ್ತು ಮಿರ್ಚಿ ಹೊಟ್ಟೆಯೊಳಗೆ ಮತ್ತೊಮ್ಮೆ ಕಲಸಿಕೊಂಡವು.

ಡಿಸೆಂಬರ್ ಬಂತು. ರಾಶಿಯ ಕಾಲ. ರೈತರು ಹುರುಳಿ ಬಳ್ಳಿ ಕಿತ್ತು ರಸ್ತೆಯ ಮೇಲೆ ಹರವಿದ್ದರು. ಹಾದುಹೋಗುವ ಗಾಡಿಗಳ ಗಾಲಿಯಿಂದಲೇ ಒಕ್ಕಣೆಯಾಗುತ್ತದೆ. ಲಾರಿ ಹೋಯಿತು, ಬಸ್ಸು ಹೋಯಿತು, ಹುರುಳಿ ಇದ್ದಲ್ಲೇ ಇತ್ತು. ನಾನು ಹೋದೆ, ಹುರುಳಿಯೂ ನನ್ನ ಜೊತೆ ಹೊರಟಿತು! ಬಂಪರು ಅಷ್ಟನ್ನೂ ಬಾಚಿ ಹೊಟ್ಟೆಯಡಿ ತುಂಬಿಕೊಂಡಿತು. ಇರುವುದು 60 ಕುದುರೆ. ಹುರುಳಿ ಕಂಡರೆ ಬಿಡುತ್ತವೆಯೇ? ಕಾಲು ಮೈಲಿ ಹೋಗುವಷ್ಟರಲ್ಲಿ ಸೈಲೆನ್ಸರ್ ಕಾದು, ಬಳ್ಳಿಯಿಂದ ಹೊಗೆ ಎದ್ದಿತು. ನಾನು ಬಾಗಿಲು ತೆಗೆಯುವುದನ್ನೂ ಮರೆತು, ಟಾಪಿಲ್ಲದ ಕಾರಿನಿಂದ ಮೇಲಕ್ಕೇ ಹಾರಿದೆ. ಹೊಲದವರು ಓಡಿ ಬಂದು ಎರಡು ಕೊಡ ನೀರು ಹಾಕಿ, ಕೋಲಿನಿಂದ ಬಳ್ಳಿ ಎಳೆದು ತೆಗೆದರು. ಅವರಲ್ಲಿ ಹಿರಿಯರೊಬ್ಬರು ಸಮಾಧಾನ ಹೇಳಿದರು: "ಇರ್ಲಿ ಬಿಡ್ರಿ ಸಾವ್ಕಾರ್ರ, ಒಂದು ಸಾಲು ಚೊಲೊ ಹರಗೀರಿ." 19ನೇ ಶತಮಾನದಲ್ಲೇ 'ಕೃಷಿ ಜ್ಞಾನ ಪ್ರದೀಪಿಕೆ' ಬರೆದ ಘನಮಠದ ನಾಗಭೂಷಣ ಶಿವಯೋಗಿಗಳ ಊರಿದು. ಆ ಊರಿನವನಾಗಿ ಕೃಷಿಗೆ ನನ್ನ ಕಾಣಿಕೆ ಇಷ್ಟು: ಡಾಂಬರು ರಸ್ತೆಗೆ ಕುಂಟೆ ಹೊಡೆದದ್ದು.

ಇಲ್ಲಿಗೆ ನಿಲ್ಲಿಸಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ಎಳ್ಳ ಅಮಾವಾಸ್ಯೆ ಬಂತು. ಹೊಲಕ್ಕೆ ಚರಗ ಚೆಲ್ಲಲು ಊರೆಲ್ಲ ಬಂಡಿ, ಟ್ರ್ಯಾಕ್ಟರ್ ಹತ್ತಿ ಹೊರಟಿತ್ತು. ನಾನು ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಲೆ ಡಬ್ಬಿಗಳನ್ನು ಮನೆಯವಳ ಮಡಿಲಿಗಿಟ್ಟು ಕಾರಿನಲ್ಲೇ ಹೊರಟೆ. ಬಂಡಿದಾರಿ ನೀವು ನೋಡಿದ್ದೀರಿ: ಗಾಲಿ ಓಡಾಡಿ ಎರಡು ಮಗ್ಗಲೂ ಆಳವಾದ ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ. ನನ್ನ ಟೈರುಗಳು ಜಾಡಿಗಿಳಿದವು, ಹೊಟ್ಟೆ ದಿಬ್ಬದ ಮೇಲೆ ಕೂತಿತು. ಎಕ್ಸಿಲೇಟರ್ ಒತ್ತಿದೆ. ಗಾಲಿ ಭರ್ರನೆ ಸುತ್ತಿದವು, ಕಾರು ಕದಲಲಿಲ್ಲ. ಕೋಳಿ ಕಾವಿಗೆ ಕೂತ ಹಾಗೆ ಕೂತಿತ್ತು. ಪಕ್ಕದ ಮನೆಯ ಹೇಂಟೆಯ ಶಾಪ ಎಂದುಕೊಂಡೆ.

ಹಿಂದಿನಿಂದ ಬಂಡಿಗಳು ಬಂದು ಸಾಲಾಗಿ ನಿಂತವು. ಯಾರೂ ನಗಲಿಲ್ಲ. ಅದೇ ನೋಡಿ ಕಷ್ಟ. ನಕ್ಕಿದ್ದರೆ ನಾನೂ ಸೇರಿ ನಗಬಹುದಿತ್ತು. ಎಲ್ಲರೂ ಮನೆಯಲ್ಲಿ ಜಡ್ಡಾದವರನ್ನು ನೋಡುವಂತೆ ಬಗ್ಗಿ ನೋಡಿ, ಮೆಲ್ಲಗೆ ಮಾತಾಡಿಕೊಂಡು, ಒಂದು ಬಂಡಿಯ ಎತ್ತು ಬಿಚ್ಚಿ ತಂದರು. ಹಬ್ಬಕ್ಕೆಂದು ಕೋಡಿಗೆ ಬಣ್ಣ ಬಳಿದ, ಕೊರಳಿಗೆ ಗೆಜ್ಜೆ ಕಟ್ಟಿದ ಜೋಡೆತ್ತು. ಹಗ್ಗ ಬಿಗಿದು "ಹೋ" ಅಂದರು. ಅರವತ್ತು ಕುದುರೆಗಳನ್ನು ಎರಡು ಎತ್ತು ಗೆಜ್ಜೆ ಅಲ್ಲಾಡಿಸುತ್ತ ಎಳೆದುಕೊಂಡು ಹೋದವು. ನಾನು ಒಳಗೆ ಸ್ಟೀರಿಂಗ್ ಹಿಡಿದು ಕೂತಿದ್ದೆ, ಯಾಕೆಂದು ನನಗೂ ಗೊತ್ತಿಲ್ಲ. ಹಿಂದೆ ಒಡೆದ ಚೇಂಬರಿನಿಂದ ಎಣ್ಣೆ ಸೋರುತ್ತಿತ್ತು. ಮಂದಿ ಹೊಲಕ್ಕೆ ಚರಗ ಚೆಲ್ಲಿದರೆ ನಾನು ದಾರಿಯುದ್ದಕ್ಕೂ ಎಂಜಿನ್ ಆಯಿಲ್ ಚೆಲ್ಲಿದೆ.

ಅಂದು ಸಂಜೆ ಅಣ್ಣನ ಮಗ ಫೋನ್ ಮಾಡಿದ. "ಕಾಕಾ, ಗಾಡಿ ಇಳಿಸಿಲ್ಲ ಹೌದಿಲ್ಲೋ? ಕಾಯ್ದೆ ಒಪ್ಪಂಗಿಲ್ಲಂತ" ಅಂದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿಯ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಎನ್ನುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿ ಮಾಡಿದೆ ಎಂದು ಓದಿ ಹೇಳಿದ. ನನ್ನ ಪಟ್ಟಿಯ ಬಲಗಡೆಗೆ ಹನ್ನೆರಡನೆಯ ಕಾರಣ ಸಿಕ್ಕಿತು. ತಡವಾಗಿ.

ಈಗ ಹೊಸ ಸ್ಪ್ರಿಂಗ್ ಹಾಕಿಸಿದ್ದೇನೆ. ಕೊಯ್ಸಿದ್ದಕ್ಕಿಂತ ಕೂಡಿಸಿದ್ದಕ್ಕೆ ಖರ್ಚು ಬಹಳ. ಬಂಪರಿನ ಸೀಳಿಗೆ ಎಂ-ಸೀಲ್ ಮೆತ್ತಿದ್ದೇನೆ. ಕಾರು ಮತ್ತೆ ಧೋತರ ಎತ್ತಿ ನಿಂತಿದೆ. ನಮ್ಮ ಕಡೆ ಹಳ್ಳ ದಾಟುವವರು ಧೋತರ ಎತ್ತಲೇಬೇಕು. ಹೇಂಟೆ ಮರಿಗಳೊಂದಿಗೆ ತಲೆ ಎತ್ತಿ ಒಳಗೆ ಹೋಗುತ್ತದೆ, ನನ್ನ ಕಡೆ ಮಾತ್ರ ನೋಡುವುದಿಲ್ಲ. ಕೊಯ್ದ ನಾಲ್ಕು ತುಂಡಿನಲ್ಲಿ ಒಂದನ್ನು ಮನೆಯವಳು ನೀರಿನ ಕೊಡದ ಕೆಳಗೆ ಸಿಂಬಿ ಮಾಡಿಟ್ಟಿದ್ದಾಳೆ. ಕೊಡ ಅಲುಗುವುದಿಲ್ಲ. ಇನ್ನೂ ಮೂರು ಉಳಿದಿವೆ. ಬೇಕಾದವರು ಬಂದು ಒಯ್ಯಿರಿ. ಬರುವಾಗ ಎತ್ತರದ ಗಾಡಿಯಲ್ಲಿ ಬನ್ನಿ.